ಪಿ.ಎಸ್.ಎ. 4 ದಾಟಿದರೆ ಕ್ಯಾನ್ಸರೇ?

ಪ್ರ: ನಮ್ಮ ತಂದೆಯವರಿಗೆ 66 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 60 ಗ್ರಾಂ, ರಕ್ತದಲ್ಲಿ ಪಿ.ಎಸ್.ಎ. 5.4 ಬಂದಿದೆ. ಮಾತ್ರೆ ಇನ್ನೂ ಶುರು ಮಾಡಿಲ್ಲ. ಕ್ಯಾನ್ಸರ್ ಇರಬಹುದೆಂದು ಮನೆಯವರೆಲ್ಲ ಹೆದರಿದ್ದೇವೆ.
– ಓದುಗರು, ಹಾವೇರಿ

ಉ: ಪಿ.ಎಸ್.ಎ. ಎಂಬುದು ಪ್ರಾಸ್ಟೇಟ್ ಗ್ರಂಥಿಯೇ ತಯಾರಿಸುವ ಪ್ರೋಟೀನು. ವಯಸ್ಸಾದಂತೆ ಗ್ರಂಥಿ ಊದಿಕೊಂಡರೆ ಅದು ರಕ್ತಕ್ಕೂ ಹೆಚ್ಚು ಸೇರುತ್ತದೆ. ಹಾಗಾಗಿ ಲ್ಯಾಬಿನವರು ಹಾಕುವ 4ರ ಗೆರೆ ದಾಟಿದ ಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು. 5.4ನ್ನು 60ರಿಂದ ಭಾಗಿಸಿ ನೋಡಿ: 0.09. ಇದು 0.15ಕ್ಕಿಂತ ಕಡಿಮೆಯಿದ್ದರೆ ಗ್ರಂಥಿಯ ಗಾತ್ರವೇ ಕಾರಣವಾಗಿರುವ ಸಂಭವ ಹೆಚ್ಚು. ಆದರೆ ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಮಾಡುವ ಪರೀಕ್ಷೆಯನ್ನು ಸಂಕೋಚಕ್ಕೆ ಬಿಡಬೇಡಿ. ಅಲ್ಲಿ ಗಟ್ಟಿ ಗಂಟು ಸಿಕ್ಕರೆ ಈ ಲೆಕ್ಕವನ್ನು ನಂಬಿ ಕೂರುವಂತಿಲ್ಲ.

ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ರಕ್ತ ಕೊಡಿಸಿ. ಅದಕ್ಕೆ ಮೊದಲು ಮೂತ್ರ ಪರೀಕ್ಷೆಯಾಗಲಿ, ಸೋಂಕಿದ್ದರೆ ಪಿ.ಎಸ್.ಎ. ಜೋರಾಗಿ ಏರುತ್ತದೆ, ವಾಸಿಯಾದ ಮೇಲೂ ಇಳಿಯಲು ಸುಮಾರು ಆರು ವಾರ ಬೇಕು. ರಕ್ತ ಕೊಡುವ ಹಿಂದಿನ ಎರಡು ದಿನ ಸಂಭೋಗ, ಸೈಕಲ್ ಸವಾರಿ ಬೇಡ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಅಂಕಿ ಮತ್ತೆ 4ರಿಂದ 10ರೊಳಗೆ ಬಂದರೆ ಫ್ರೀ ಪಿ.ಎಸ್.ಎ. (ರಕ್ತದ ಬೇರೆ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಭಾಗ) ಮಾಡಿಸಬಹುದು. ಅದು ಒಟ್ಟು ಪಿ.ಎಸ್.ಎ.ಯ ಶೇ. 25ಕ್ಕಿಂತ ಹೆಚ್ಚಿದ್ದರೆ ಸಾಧಾರಣ ಊತದ ಕಡೆಗೆ, ಶೇ. 10ಕ್ಕಿಂತ ಕಡಿಮೆಯಿದ್ದರೆ ಕ್ಯಾನ್ಸರ್ ಅನುಮಾನದ ಕಡೆಗೆ ವಾಲುತ್ತದೆ. ರಕ್ತ ತೆಗೆದು ಹೆಚ್ಚು ಹೊತ್ತು ಹಾಗೇ ಇಟ್ಟರೆ ಫ್ರೀ ಭಾಗ ಕರಗಿ ತಪ್ಪು ಲೆಕ್ಕ ಬರುತ್ತದೆ, ಆದ್ದರಿಂದ ಪರೀಕ್ಷೆ ನಡೆಯುವ ಲ್ಯಾಬಿಗೇ ಹೋಗಿ ಕೊಡುವುದು ಒಳ್ಳೆಯದು. ಜೊತೆಗೆ ಕ್ರಿಯಾಟಿನಿನ್ ಕೂಡ ನೋಡಿಸಿ. ಮೂತ್ರ ಪೂರ್ತಿ ಹೋಗದೆ ಕಿಡ್ನಿಗೆ ಪೆಟ್ಟಾಗುತ್ತಿದ್ದರೆ ಅದು ಏರುತ್ತದೆ, ಆಗ ತಡಮಾಡಬಾರದು.

ಪ್ರ: ಪ್ರಾಸ್ಟೇಟ್ ಊತಕ್ಕೆ ಒಂದು ವರ್ಷದಿಂದ ಡುಟಾಸ್ಟರೈಡ್ ತೆಗೆದುಕೊಳ್ಳುತ್ತಿದ್ದೇನೆ. ಪಿ.ಎಸ್.ಎ. 4.8 ಇದ್ದದ್ದು 3.6ಕ್ಕೆ ಇಳಿದಿದೆ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಿದೆ. ನಿಶ್ಚಿಂತೆಯಿಂದ ಇರಬಹುದೇ?
– ಓದುಗರು, ತಿಪಟೂರು

ಉ: ಇಲ್ಲ. ಡುಟಾಸ್ಟರೈಡ್, ಫಿನಾಸ್ಟರೈಡ್ ಎರಡೂ ಆರು ತಿಂಗಳಿಂದ ಒಂದು ವರ್ಷದೊಳಗೆ ಪಿ.ಎಸ್.ಎ.ಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ನಿಮ್ಮದು 2.4ರ ಆಸುಪಾಸಿಗೆ ಬರಬೇಕಿತ್ತು. ಈಗಿನ 3.6ನ್ನು ಎರಡರಿಂದ ಗುಣಿಸಿ 7.2 ಎಂದೇ ಓದಬೇಕು. ಲ್ಯಾಬಿನವರಿಗೆ ನೀವು ನುಂಗುವ ಮಾತ್ರೆ ಗೊತ್ತಿರುವುದಿಲ್ಲವಲ್ಲ! ನಡುನಡುವೆ ಮಾತ್ರೆ ತಪ್ಪಿಸಿದ್ದರೆ ಪಿ.ಎಸ್.ಎ. ಅರ್ಧಕ್ಕೆ ಇಳಿಯದಿರಲು ಅದೂ ಕಾರಣವಿರಬಹುದು. ಕ್ರಮವಾಗಿ ನುಂಗಿಯೂ ಇಷ್ಟೇ ಇಳಿದಿದ್ದರೆ ಹಳೆಯ, ಹೊಸ ರಿಪೋರ್ಟು ಎರಡನ್ನೂ ಹಿಡಿದು ಈ ವಾರವೇ ಯೂರಾಲಜಿಸ್ಟ್ ಬಳಿ ಹೋಗಿ, ಎಂ.ಆರ್.ಐ. ಬೇಕೇ ಎಂದು ಅವರು ತೀರ್ಮಾನಿಸುತ್ತಾರೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.