ಮುಖ ನೋಡಿ ಕೊಟ್ಟ ದುಡ್ಡು

ಜನವರಿ ಕಳೆಯಿತೆಂದರೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಈ ಬಗೆಯ ಪ್ರಕರಣಗಳು ಬರತೊಡಗುತ್ತವೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10 ಕಿಲೋಮೀಟರ್‌ಗಳ ದೊಡ್ಡ ಓಟ ಈಚಿನ ವರ್ಷಗಳಲ್ಲಿ ಏಪ್ರಿಲ್ ಕೊನೆಗೆ ಬರುತ್ತಿದೆ. ಓಡುವವರಲ್ಲಿ ಹಲವರು ಅದೇ ನೆಪದಲ್ಲಿ ಯಾವುದಾದರೂ ಸೇವಾಸಂಸ್ಥೆಗೆ ಹಣ ಕೂಡಿಸುತ್ತಾರೆ. ಕೈತುಂಬ ಕೆಲಸ, ಮೈಗೆ ಹಿತವಾದ ಓಟ, ಜೊತೆಗೊಂದು ಪುಣ್ಯದ ಕಾರ್ಯ. ಮೂರೂ ಒಳ್ಳೆಯದೇ ಆದ್ದರಿಂದ ಎಲ್ಲಿ ಕೆಟ್ಟಿತು ಎಂದು ಅವರಿಗೂ ಹೊಳೆಯುವುದಿಲ್ಲ, ಮನೆಯವರಿಗೂ ಹೊಳೆಯುವುದಿಲ್ಲ.

ಇಲ್ಲಿ ಯಾರ ಕಥೆ ಹೇಳುತ್ತಿದ್ದೇನೋ ಅವರನ್ನು ಸುಮಾ ಎನ್ನೋಣ. ಹೆಸರು, ಊರು, ಮೊತ್ತ, ಗುರುತು ಹತ್ತಬಹುದಾದ ಎಲ್ಲವನ್ನೂ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 39. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್, ಗ್ರಾಹಕರು ಅಮೆರಿಕದ ಪಶ್ಚಿಮ ಕರಾವಳಿಯವರು. ಗಂಡ, ಅತ್ತೆ, ಆರನೇ ಕ್ಲಾಸಿನ ಮಗಳು. ನಾಲ್ಕು ವರ್ಷದ ಹಿಂದೆ ಸಕ್ಕರೆಯ ಮೂರು ತಿಂಗಳ ಸರಾಸರಿ, ಎಚ್‌ಬಿಎ1ಸಿ, 6.1 ಬಂದಿತ್ತು. ಹೆದರಿ ನಡೆಯಲು ಶುರುಮಾಡಿದರು, ನಡಿಗೆ ಓಟವಾಯಿತು, ಅದು 5.5ಕ್ಕೆ ಇಳಿಯಿತು. ಓಟ ಅವರಿಗೆ ಉಪಕಾರ ಮಾಡಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ನಾನು ಓಟದ ವಿರೋಧಿ ಎನ್ನುವವರಿದ್ದಾರೆ.

ಅವರು ಬಂದದ್ದು ಓಟದ ವಿಚಾರಕ್ಕಲ್ಲ. ಮಗಳ ಮೇಲೆ ಕೈಮಾಡಿದ್ದರು, ಒಂದೇ ಸಲ, ಹೋಮ್‌ವರ್ಕ್ ವಿಷಯಕ್ಕೆ. "ನಾನು ಹಾಗಿರಲಿಲ್ಲ ಮೇಡಂ" ಎಂದು ಅತ್ತರು.

ಮೊದಲ ಭೇಟಿಯಲ್ಲೇ ದಿನಚರಿ ಬರೆಸಿದೆ. ಇಂಥವರಿಗೆ ಸಮಯ ನಿಭಾಯಿಸುವುದು ಗೊತ್ತಿಲ್ಲ ಎಂದುಕೊಂಡರೆ ತಪ್ಪು. ನಮಗಿಂತ ಚೆನ್ನಾಗಿ ಗೊತ್ತು. ಲೆಕ್ಕ ತಪ್ಪಿದ್ದು ಬೇರೆ ಕಡೆ. ಸ್ಯಾನ್ ಫ್ರಾನ್ಸಿಸ್ಕೋದ ಬೆಳಗಿನ 9 ಗಂಟೆಯ ಮೀಟಿಂಗ್ ಅಲ್ಲಿಯ ಬೇಸಿಗೆಯಲ್ಲಿ ನಮಗೆ ರಾತ್ರಿ 9:30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಇಲ್ಲಿ ಅದು 10:30 ಆಗುತ್ತದೆ. ಮತ್ತೆ ಸರಿಹೋಗುವುದು ಮಾರ್ಚ್ ಎರಡನೇ ಭಾನುವಾರ. ಏಪ್ರಿಲ್ ಓಟದ ತಯಾರಿ ನಡೆಯುವುದೂ ಇದೇ ತಿಂಗಳುಗಳಲ್ಲಿ. 11:30ಕ್ಕೆ ಮೀಟಿಂಗ್ ಮುಗಿದು, ತಲೆ ತಣ್ಣಗಾಗಿ ಕಣ್ಣು ಮುಚ್ಚುವಾಗ 12:15. ಕಬ್ಬನ್ ಪಾರ್ಕಿನಲ್ಲಿ ಗುಂಪು ಸೇರುವುದು 5:15ಕ್ಕೆ, ಅಂದರೆ ಅಲಾರಂ 4:30ಕ್ಕೆ. ನಾಲ್ಕೂಕಾಲು ಗಂಟೆ ನಿದ್ದೆ, ವಾರಕ್ಕೆ ನಾಲ್ಕು ದಿನ. ಮಗಳಿಗೆ ಬಿದ್ದ ಏಟಿನ ಮೂಲ ಅಲ್ಲೇ ಇತ್ತು ಎಂಬುದು ನನ್ನ ನಂಬಿಕೆ. ನಿದ್ದೆ ಕೆಟ್ಟವರಿಗೆ ತಾಳ್ಮೆಯ ಪಾಠ ಹೇಳಿ ಫಲವಿಲ್ಲ.

ಎರಡನೇ ಭೇಟಿಗೆ ಕುಂಟುತ್ತಾ ಬಂದರು. ಬಲಗಾಲಿನ ಒಳಮಗ್ಗುಲಲ್ಲಿ, ಹಿಮ್ಮಡಿ ಗಂಟಿನಿಂದ ಒಂದು ಗೇಣು ಮೇಲೆ, ಐದು ರೂಪಾಯಿ ನಾಣ್ಯದಷ್ಟು ಜಾಗ. ಬೆರಳಿಟ್ಟು ಒತ್ತಿದರೆ ಜೀವ ಹೋಗುತ್ತದೆ ಎಂದರು. ರಾತ್ರಿ ಮಲಗಿದಾಗಲೂ ನೋವು. ಎರಡು ತಿಂಗಳಿಂದ ಮುಟ್ಟಾಗಿರಲಿಲ್ಲ, ವಯಸ್ಸಿನ ದೆಸೆಯಿಂದ ಎಂದುಕೊಂಡಿದ್ದರು. ಮೀಟಿಂಗ್ ಇದ್ದ ರಾತ್ರಿ ಊಟವೂ ಇಲ್ಲ, ಒಂದು ಲೋಟ ಮಜ್ಜಿಗೆ ಅಷ್ಟೇ. ಕಾಲಿನ ಉದ್ದಕ್ಕೂ ಹರಡಿದ ನೋವು ಬೇರೆ. ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ನಿಂತು, ವಿಶ್ರಾಂತಿಯಲ್ಲೂ ಕಾಡುವ ನೋವು ಬೇರೆ. ಎರಡನೆಯದು ಮೂಳೆ ಬಿರುಕು ಬಿಡುವ ಸೂಚನೆ ಇರಬಹುದು. ಹೊಟ್ಟೆಗೆ ಕಡಿಮೆ, ಓಟ ಜಾಸ್ತಿ ಆದಾಗ ಮುಟ್ಟು ನಿಲ್ಲುವುದೂ ಮೂಳೆ ಸೊರಗುವುದೂ ಒಟ್ಟಿಗೇ ಬರುತ್ತವೆ. ಅಂದು ಆಪ್ತಸಲಹೆ ಮುಂದುವರಿಸಲಿಲ್ಲ. ಮೂಳೆ ವೈದ್ಯರಿಗೆ ಚೀಟಿ ಬರೆದುಕೊಟ್ಟೆ, ಸ್ತ್ರೀರೋಗ ತಜ್ಞರನ್ನೂ ಕಾಣಲು ಹೇಳಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಮೊದಮೊದಲು ಕಾಣುವುದೂ ಇಲ್ಲ. ಎಂಆರ್‌ಐನಲ್ಲಿ ಕಂಡಿತು. ಆರು ವಾರ ಓಡಬಾರದು ಎಂದರು.

ಮೂರನೇ ಭೇಟಿಯ ಬಗ್ಗೆಯೇ ಹೆಚ್ಚು ಹೇಳಬೇಕು.

ಸುಮಾ ಒಂದು ಹಾಳೆ ತಂದಿದ್ದರು. ಎಕ್ಸೆಲ್‌ನಲ್ಲಿ ಮಾಡಿ ಆಫೀಸಿನಲ್ಲಿ ಪ್ರಿಂಟ್ ತೆಗೆದದ್ದು. ಒಂದು ಸಾಲಿನಲ್ಲಿ ಓಡಿದ ಕಿಲೋಮೀಟರ್, ಪಕ್ಕದ ಸಾಲಿನಲ್ಲಿ ಬಂದ ರೂಪಾಯಿ. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸಂಜೆ ಪಾಠ ಹೇಳಿ ಊಟ ಹಾಕುವ ಸಂಸ್ಥೆಯೊಂದಕ್ಕೆ ಅವರು ಹಣ ಕೂಡಿಸುತ್ತಿದ್ದರು. ಗುರಿ ಒಂದು ಲಕ್ಷ. "ಆರು ವಾರ ಬಿಟ್ಟರೆ ಏಪ್ರಿಲ್ ಹೋಯ್ತು ಮೇಡಂ. ಓಡ್ತೀನಿ ಅಂತ ತಾನೇ ಅವರೆಲ್ಲ ಕೊಟ್ಟಿದ್ದು? ಈಗ ಓಡಲ್ಲ ಅಂದ್ರೆ ಮೋಸ ಅಲ್ವಾ? ಆ ಮಕ್ಕಳ ಊಟ ನಿಂತರೆ?"

ಹಾಳೆಯ ಹಿಂದಿನ ಪುಟದಲ್ಲಿ ಹೋದ ವರ್ಷದ ದಾನಿಗಳ ಪಟ್ಟಿ ಇತ್ತು. ಕೊನೆಯ ಹತ್ತು ದಿನಗಳಲ್ಲಿ 'ಹಿತೈಷಿ' ಎಂಬ ಹೆಸರು ನಾಲ್ಕು ಸಲ ಬಂದಿತ್ತು. ಯಾರಿವರು ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಹಾಳೆಯ ಅಂಚನ್ನು ಮಡಿಸುತ್ತಾ, ಬಿಚ್ಚುತ್ತಾ ಕೂತಿದ್ದರು. ಆಮೇಲೆ, "ಅದು ನಾನೇ" ಎಂದರು. ಗುರಿ ಮುಟ್ಟದಿದ್ದಾಗ ಕ್ರೆಡಿಟ್ ಕಾರ್ಡಿನಿಂದ 38,000 ರೂಪಾಯಿ ತಾವೇ ಹಾಕಿದ್ದರು. ಗಂಡನಿಗೆ ಗೊತ್ತಿರಲಿಲ್ಲ.

ಆ ಸಂಸ್ಥೆಗೆ ಕೊನೆಯದಾಗಿ ಯಾವಾಗ ಹೋಗಿದ್ದಿರಿ ಎಂದು ಕೇಳಿದೆ. ಎರಡು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ವಾರದ ದಿನ ಆಫೀಸು, ಶನಿವಾರ ಬೆಳಿಗ್ಗೆ ದೂರದ ಓಟ, ಮಧ್ಯಾಹ್ನ ನಿದ್ದೆ.

ಆ ವಾರಕ್ಕೆ ಒಂದೇ ಕೆಲಸ ಕೊಟ್ಟೆ. ಈ ವರ್ಷ ಕೊಟ್ಟವರಲ್ಲಿ ಮೂವರಿಗೆ ಫೋನ್ ಮಾಡಬೇಕು, ಮೆಸೇಜ್ ಕೂಡದು. ಕಾಲಿಗೆ ಪೆಟ್ಟಾಗಿದೆ, ಓಡಲಾಗುವುದಿಲ್ಲ, ನೀವು ಕೊಟ್ಟದ್ದು ಸಂಸ್ಥೆಗೆ ಸೇರಿದೆ ಎಂದಷ್ಟೇ ಹೇಳಿ, ಅವರು ಏನೆನ್ನುತ್ತಾರೋ ಕೇಳಿಸಿಕೊಳ್ಳಬೇಕು. ಕ್ಷಮೆ ಕೇಳಬಾರದು.

ಇಬ್ಬರು "ಕಾಲು ನೋಡ್ಕೊಳ್ಳಿ" ಎಂದು ಮುಗಿಸಿದ್ದರು. ಮೂರನೆಯವರು 1,001 ರೂಪಾಯಿ ಕೊಟ್ಟಿದ್ದ ತಿಪಟೂರಿನ ದೊಡ್ಡಮ್ಮ. ಅವರ ಮಾತನ್ನು ಸುಮಾ ಅದೇ ದನಿಯಲ್ಲಿ ಹೇಳಿದರು: "ಅಯ್ಯೋ, ನೀನು ಓಡ್ತೀಯ ಅಂತ ಯಾರೇ ಕೊಟ್ಟಿದ್ದು? ನಿನ್ನ ಮುಖ ನೋಡಿ ಕೊಟ್ಟೆ ಕಣೆ. ಮಕ್ಕಳಿಗೆ ಊಟ ಅಂದೆ, ಕೊಟ್ಟೆ. ಓಡೋದೆಲ್ಲ ನಂಗೊತ್ತಿಲ್ಲ."

ಹೇಳಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಹತ್ತು ಸಲ ಹೇಳಿದ್ದರೂ ನಾಟದ್ದು ಆ ಒಂದು ಮಾತಿನಲ್ಲಿ ನಾಟಿತು. ಹಣ ಬಂದದ್ದು ನಂಟಿನಿಂದ. ಅದನ್ನು ಕಾಲಿನ ಮೇಲಿನ ಸಾಲವೆಂದು ಬರೆದುಕೊಂಡವರು ಅವರೊಬ್ಬರೇ.

ಆಮೇಲೆ ಸಲಹೆಗಳು ಸಲೀಸಾದವು. ಮೊದಲನೆಯದು, ಹಣವನ್ನೂ ಓಟವನ್ನೂ ಬೇರೆ ಮಾಡುವುದು. ಹಣ ಕೂಡಿಸುವುದನ್ನು ಓಟಕ್ಕೆ ಮೂರು ವಾರ ಮುಂಚೆಯೇ ನಿಲ್ಲಿಸಬೇಕು. ಕೊನೆಯ ವಾರಗಳಲ್ಲಿ ಎರಡೂ ಒತ್ತಡ ಒಟ್ಟಿಗೆ ಬೀಳುವುದರಿಂದಲೇ ಎಡವಟ್ಟಾಗುವುದು. ಸ್ವಂತ ದಾನ ಎಷ್ಟೆಂದು ಗಂಡನ ಜೊತೆ ಕೂತು ಮೊದಲೇ ನಿಶ್ಚಯಿಸಿ ಸ್ವಂತ ಹೆಸರಿನಲ್ಲೇ ಕೊಡಬೇಕು. ಬೇರೆ ಹೆಸರಿನಲ್ಲಿ ಹಾಕಿದರೆ ರಸೀದಿಯೂ ಸುಳ್ಳಾಗುತ್ತದೆ: ತೆರಿಗೆ ವಿನಾಯಿತಿಗೆ ಬೇಕಾದ ಪ್ರಮಾಣಪತ್ರ ದಾನಿಯ ಹೆಸರು, ಪ್ಯಾನ್ ನಂಬರಿನ ಮೇಲೆ ಬರುವಂಥದ್ದು. ತಿಂಗಳಿಗೆ 1,500 ರೂಪಾಯಿ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಮಾಡಿಸಿಕೊಂಡರು. ಅಡುಗೆಯವರ ಸಂಬಳ, ಅಕ್ಕಿ, ಗ್ಯಾಸು ತಿಂಗಳು ತಿಂಗಳು ಬೇಕು. ಏಪ್ರಿಲ್‌ನಲ್ಲಿ ಒಮ್ಮೆಲೇ ಬರುವ ಮೊತ್ತಕ್ಕಿಂತ ತಪ್ಪದೆ ಬರುವ ಸಣ್ಣ ಮೊತ್ತವನ್ನು ನೆಚ್ಚಿ ಸಂಸ್ಥೆಯವರು ಯೋಜನೆ ಹಾಕಬಹುದು.

ಎರಡನೆಯದು, ಬೆಳಗಿನ ಓಟಕ್ಕೆ ಹಿಂದಿನ ರಾತ್ರಿಯ ಅನುಮತಿ ಬೇಕು. ಮಲಗಿದ ಗಂಟೆಯಿಂದ ಏಳು ಗಂಟೆ ಎಣಿಸಿ. ಅದಕ್ಕೂ ಮುಂಚೆ ಅಲಾರಂ ಇಡುವಂತಿಲ್ಲ. ಮೀಟಿಂಗ್‌ಗಳನ್ನು ಮಂಗಳವಾರ, ಗುರುವಾರ ರಾತ್ರಿಗಳಿಗೆ ಕೂಡಿಸಿ, ಉಳಿದ ಎರಡು ದಿನ ತಂಡದ ಕಿರಿಯರೊಬ್ಬರು ನಡೆಸುವಂತೆ ಅವರು ಆಫೀಸಿನಲ್ಲಿ ಕೇಳಿಕೊಂಡರು. "ಓಡಬೇಕು, ಬಿಡುವು ಕೊಡಿ" ಎಂದು ಕೇಳಬೇಡಿ ಎಂದಿದ್ದೆ. "ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮುಂಚೆ ನಾನು ಸಿಗುವುದಿಲ್ಲ, ಹಿಂದಿನ ರಾತ್ರಿ ಮೀಟಿಂಗ್ ಇರುತ್ತದೆ" ಎಂದರೆ ಮ್ಯಾನೇಜರ್‌ಗೆ ಅದು ಕೆಲಸದ ಮಾತಾಗಿ ಕೇಳುತ್ತದೆ. ಓಟ ಮಂಗಳವಾರ, ಗುರುವಾರ, ಭಾನುವಾರ ಬೆಳಿಗ್ಗೆ. ಮೀಟಿಂಗ್ ಇರುವ ದಿನ ರಾತ್ರಿ ಎಂಟರೊಳಗೆ ಪೂರ್ತಿ ಊಟ.

ಮೂರೇ ದಿನ ಸಾಕೇ ಎಂದು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ, ಇಲ್ಲವೇ 75ರಿಂದ 150 ನಿಮಿಷದ ಬಿರುಸಿನ ಶ್ರಮ. ಅವರ ಮೂರು ದಿನಗಳಲ್ಲಿ ಅದು ದಕ್ಕುತ್ತದೆ. ಅದಕ್ಕಿಂತ ಹೆಚ್ಚು ಓಡುವುದು ಇಷ್ಟಕ್ಕಾಗಿ. ಇಷ್ಟಪಟ್ಟು ಓಡಲಿ, ಆದರೆ ಆರೋಗ್ಯದ ಹೆಸರು ಹೇಳುವುದು ಬೇಡ.

ವೈದ್ಯರು ಒಪ್ಪಿದ ಮೇಲೆ ಮರಳಿದ ರೀತಿ ಇದು. ಒಂದು ವಾರ 30 ನಿಮಿಷ ನೋವಿಲ್ಲದ ನಡಿಗೆ. ನಂತರ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಹೀಗೆ ಐದು ಸಲ, ದಿನ ಬಿಟ್ಟು ದಿನ. ಮೂರು ಸಲ ತೊಂದರೆಯಿಲ್ಲದೆ ಆದರೆ ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ಮಾರನೆಯ ಬೆಳಿಗ್ಗೆ ಅದೇ ಜಾಗ ಒತ್ತಿ ನೋಡಬೇಕು. ನೋವಿದ್ದರೆ ಓಟ ನಿಲ್ಲಿಸಬೇಕು, ಹೋದ ಮೇಲೆ ಹಿಂದಿನ ಮೆಟ್ಟಿಲಿನಿಂದ ಶುರು. ವೇಗಕ್ಕೆ ವಾಚು ನೋಡದೆ, ಏಳರ ಮಗ್ಗಿಯನ್ನು ಜೋರಾಗಿ ಹೇಳಿಕೊಂಡು ಓಡಲು ಹೇಳಿದೆ. ಸಾಲಿನ ನಡುವೆ ಉಸಿರು ಕತ್ತರಿಸಿದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಅವರ ಹಾಳೆಯ ಪ್ರಕಾರ ಶೂ 900 ಕಿಲೋಮೀಟರ್ ದಾಟಿತ್ತು. ಸಾಮಾನ್ಯವಾಗಿ 500ರಿಂದ 800ರೊಳಗೆ ಬದಲಿಸಬೇಕು. ದಾನಕ್ಕೆ 38,000 ಹಾಕಿದವರು ತಮ್ಮ ಶೂಗೆ ದುಡ್ಡು ಖರ್ಚು ಮಾಡಲು ಹಿಂಜರಿದಿದ್ದರು.

ಅವರ ಓಟದ ಗುಂಪಿನ ಹಿರಿಯರೊಬ್ಬರಿಗೆ ಈ ಸಲಹೆ ಹಿಡಿಸಲಿಲ್ಲವಂತೆ: ಶಿಸ್ತು ಹೋದರೆ ಓಟವೂ ಹೋಗುತ್ತದೆ, ಹಣ ಕೂಡಿಸುವ ಉತ್ಸಾಹವೂ ಹೋಗುತ್ತದೆ ಎಂದರಂತೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಗುಂಪಿಲ್ಲದಿದ್ದರೆ ಸುಮಾ ಮೊದಲ ಚಳಿಗಾಲದಲ್ಲೇ ಬಿಟ್ಟುಬಿಡುತ್ತಿದ್ದರು. ಆದರೂ ನಾಲ್ಕೂವರೆಯ ಅಲಾರಂ ಶಿಸ್ತಿನ ಅಳತೆ ಎಂದು ನಾನು ಒಪ್ಪುವುದಿಲ್ಲ. ಹೊತ್ತಿಗೆ ಮಲಗಲು, ಒಂದು ಮೀಟಿಂಗ್ ಬೇರೆಯವರಿಗೆ ಬಿಟ್ಟುಕೊಡಲು, ಗುರಿ ಮುಟ್ಟದ ಮೊತ್ತವನ್ನು ಹಾಗೇ ಬಿಡಲು ಇವರಿಗೆ ಬೇಕಾದ ಶಿಸ್ತು ಅದಕ್ಕಿಂತ ದೊಡ್ಡದಿತ್ತು. ದಾನದ ಕೆಲಸವನ್ನು ಪೂರ್ತಿ ಬಿಡಿ ಎಂದು ನಾನು ಹೇಳಲಿಲ್ಲ. ಅದರಲ್ಲಿ ಅವರಿಗೆ ನಿಜವಾದ ಪ್ರೀತಿ ಇತ್ತು. ಆ ಪ್ರೀತಿಗೆ ಮಕ್ಕಳ ಮುಖದ ಪರಿಚಯ ಮಾತ್ರ ಇರಲಿಲ್ಲ.

ಓಡದ ಶನಿವಾರಗಳಲ್ಲಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗತೊಡಗಿದರು. ಮೊದಲ ದಿನ ಊಟ ಬಡಿಸುವಾಗ ಒಬ್ಬ ಹುಡುಗ, "ಆಂಟಿ, ಕಾಲಿಗೇನಾಯ್ತು?" ಎಂದು ಕೇಳಿದನಂತೆ. ಓಡಿ ಓಡಿ ನೋವಾಯಿತು ಎಂದರೆ, "ಯಾರು ಅಟ್ಟಿಸ್ಕೊಂಡು ಬಂದ್ರು?" ಎಂದನಂತೆ. ಇದನ್ನು ಹೇಳಿದವಳು ಮಗಳು. ಐದನೇ ಭೇಟಿಗೆ ಅವಳೂ ಬಂದಿದ್ದಳು.

38,000ದ ವಿಷಯ ಗಂಡನಿಗೆ ಹೇಳಲು ಅವರಿಗೆ ಇನ್ನೂ ಎರಡು ವಾರ ಹಿಡಿಯಿತು. ಏಪ್ರಿಲ್ ಮೊದಲ ವಾರ ಹಣ ಕೂಡಿಸುವುದನ್ನು ಮುಗಿಸಿದಾಗ ಮೊತ್ತ 61,400ಕ್ಕೆ ನಿಂತಿತ್ತು. 'ಹಿತೈಷಿ' ಎಂಬ ಹೆಸರು ಪಟ್ಟಿಯಲ್ಲಿರಲಿಲ್ಲ.