ಒಂದು ಕಂಬಳಿ, ಐವತ್ತು ಗುಂಡು

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ನಾಲ್ಕು ಹಾಳೆ, ಎರಡೂ ಮಗ್ಗುಲು, ಒಂದೇ ಒಂದು ಅಕ್ಷರ ಹೊಡೆದು ಹಾಕಿಲ್ಲ. ಎರಡು ಸಲ ಓದಿದೆ. ಪೂರ್ತಿ ಪತ್ರವನ್ನು ಇದೇ ಸಂಚಿಕೆಯಲ್ಲಿ ಹಾಕಿದ್ದೇವೆ. ಆದರೂ ಈ ಪುಟವನ್ನೇ ಮೊದಲು ತೆರೆದವರಿಗಾಗಿ ನಿಮ್ಮ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1962ರ ಚೀನಾ ಯುದ್ಧದ ಬಗ್ಗೆ ಹೋದ ತಿಂಗಳು ನಾವು ಹಾಕಿದ ಲೇಖನ ನಿಮಗೆ ನೋವು ತಂದಿದೆ. ಯುದ್ಧ ಅಂದಮೇಲೆ ದೇಶ ಒಂದೇ ದನಿಯಲ್ಲಿ ಮಾತಾಡಬೇಕು, ಹೇಗೆ ಕಾದಬೇಕೆಂಬುದನ್ನು ಸೈನ್ಯಕ್ಕೆ ಬಿಡಬೇಕು ಎನ್ನುತ್ತೀರಿ. ಪತ್ರಿಕೆಯವರು, ವಿರೋಧ ಪಕ್ಷದವರು ‘ಗೆಲ್ತಾ ಇದ್ದೀವಾ, ಸೋಲ್ತಾ ಇದ್ದೀವಾ’ ಎಂದು ಕೆದಕುತ್ತ ಕೂತರೆ ಗಡಿಯಲ್ಲಿ ನಿಂತವನ ಎದೆ ಕುಗ್ಗುತ್ತದೆ, ಅಮೆರಿಕದವರು ವಿಯೆಟ್ನಾಮಿನಲ್ಲಿ ಸೋತದ್ದೂ ಹಾಗೇ ಎಂದಿದ್ದೀರಿ. ಕೊನೆಯಲ್ಲಿ ಒಂದು ಸಾಲು. ನಿಮ್ಮ ಅಳಿಯ ಈಗ ಗಡಿಯಲ್ಲಿದ್ದಾರೆ, ಮಗಳು ರಾತ್ರಿ ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾಳೆ.

ಆ ಸಾಲು ಓದಿದ ಮೇಲೆ ನಿಮ್ಮ ಸಿಟ್ಟು ನನಗೆ ಅರ್ಥವಾಯಿತು. ನನ್ನ ಉತ್ತರವೂ ಅಂಥ ಒಬ್ಬ ಅಳಿಯನ, ಒಬ್ಬ ಮಗನ ಕಡೆಯಿಂದಲೇ ಶುರುವಾಗಲಿ.

1962ರ ಅಕ್ಟೋಬರ್. ಈಗಿನ ಅರುಣಾಚಲದ ಪಶ್ಚಿಮ ತುದಿಯಲ್ಲಿ ನಾಮ್ಕಾ ಚು ಎಂಬ ಹೊಳೆ. ಈಚೆ ದಡದ ತಗ್ಗಿನಲ್ಲಿ ನಮ್ಮ 7ನೇ ಬ್ರಿಗೇಡಿನ ಹುಡುಗರು. ಆಚೆ ಥಗ್ಲಾ ಬೆಟ್ಟದ ಏಣಿನ ಮೇಲೆ ಚೀನೀಯರು. ಅಂದರೆ ಅವರು ಮೇಲಿನಿಂದ ನಮ್ಮವರ ತಲೆ ಎಣಿಸಬಹುದಿತ್ತು. ನಮ್ಮ ಹುಡುಗರಲ್ಲಿ ಬಹಳ ಜನರ ಮೈಮೇಲಿದ್ದದ್ದು ಬಯಲುಸೀಮೆಗೆ ಹೊಲಿಸಿದ ಹತ್ತಿಬಟ್ಟೆ. ರಾತ್ರಿಗೆ ಒಂದು ಕಂಬಳಿ. ಚೀಲದಲ್ಲಿ ಐವತ್ತು ಗುಂಡು. ಕೈಯಲ್ಲಿ ಎರಡನೇ ಮಹಾಯುದ್ಧದ ಕಾಲದ .303 ಬಂದೂಕು. ರಸ್ತೆ ಇಲ್ಲ. ಸಾಮಾನನ್ನೆಲ್ಲ ವಿಮಾನದಿಂದ ತ್ಸಾಂಗ್‌ಧಾರ್ ಎಂಬ ಎತ್ತರದ ಜಾಗಕ್ಕೆ ಉದುರಿಸುತ್ತಿದ್ದರು. ಅದರಲ್ಲಿ ಎಷ್ಟೋ ಗಂಟು ಉರುಳಿ ಕಮರಿ ಸೇರುತ್ತಿದ್ದವು. ಸಿಕ್ಕದ್ದನ್ನು ಅಷ್ಟೆತ್ತರದ ತೆಳುಗಾಳಿಯಲ್ಲಿ ಏದುಸಿರು ಬಿಡುತ್ತ ಹೊತ್ತು ಹೊಳೆಯವರೆಗೆ ಇಳಿಸಬೇಕು. ಈ ಹುಡುಗರಿಗೆ ಬಂದಿದ್ದ ಆಜ್ಞೆ ಏನು ಗೊತ್ತಾ? ಬೆಟ್ಟ ಹತ್ತಿ ಚೀನೀಯರನ್ನು ಹೊರಗಟ್ಟಿ, ಅಂತ.

‘ಸೈನ್ಯಕ್ಕೆ ಬಿಡಬೇಕು’ ಅಂದಿರಲ್ಲ ಮೇಷ್ಟ್ರೇ, ಇಲ್ಲಿ ಸ್ವಲ್ಪ ನಿಲ್ಲಿ. ಸೈನ್ಯ ಏನು ಹೇಳಿತ್ತು? ಆ ಭಾಗದ ದಂಡನಾಯಕ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್. ಈ ಕೆಲಸಕ್ಕೆ ಇಷ್ಟು ಜನ ಬೇಕು, ಇಷ್ಟು ಫಿರಂಗಿ ಬೇಕು, ಇಷ್ಟು ದಿನದ ದವಸ ಬೇಕು ಎಂದು ಅವರು ಲೆಕ್ಕ ಕೊಟ್ಟರು. ಆ ಲೆಕ್ಕ ದೆಹಲಿಗೆ ಹಿಡಿಸಲಿಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ಹೊಸದೊಂದು ಕೋರ್, ಅಂದರೆ ಸೇನೆಯ ದೊಡ್ಡ ವಿಭಾಗ, ಹುಟ್ಟಿಸಿ, ಅದನ್ನು ಬ್ರಿಜ್ ಮೋಹನ್ ಕೌಲ್ ಅವರ ಕೈಗೆ ಕೊಟ್ಟರು. ಕೌಲ್ ಯುದ್ಧದಲ್ಲಿ ತುಕಡಿ ನಡೆಸಿದವರಲ್ಲ. ಲಡಾಖ್ ಕಡೆ ನೋಡಿಕೊಳ್ಳುತ್ತಿದ್ದ ಲೆಫ್ಟಿನೆಂಟ್ ಜನರಲ್ ದೌಲತ್ ಸಿಂಗ್ ಕೂಡ ಆಗಸ್ಟಿನಲ್ಲೇ ಕಾಗದ ಬರೆದಿದ್ದರು. ಈಗಿರುವ ಬಲದಲ್ಲಿ ಚೀನೀಯರನ್ನು ಕೆಣಕುವ ಸ್ಥಿತಿಯಲ್ಲಿ ನಾವಿಲ್ಲ ಎಂಬುದು ಅದರ ತಿರುಳು. ಅದಕ್ಕೂ ಬೆಲೆ ಸಿಗಲಿಲ್ಲ. ಹೊರಗಟ್ಟುವ ಆಜ್ಞೆಯನ್ನು ಬರಹದಲ್ಲಿ ಕೊಡಿ ಎಂದು ಸೇನಾ ಮುಖ್ಯಸ್ಥ ಥಾಪರ್ ಕೇಳಿದಾಗ ಪ್ರಧಾನಿ ಲಂಡನ್ನಿನಲ್ಲಿದ್ದರು, ರಕ್ಷಣಾ ಮಂತ್ರಿ ನ್ಯೂಯಾರ್ಕಿನಲ್ಲಿದ್ದರು. ಸಹಿ ಹಾಕಿದ್ದು ಒಬ್ಬ ಜಂಟಿ ಕಾರ್ಯದರ್ಶಿ.

ಅಕ್ಟೋಬರ್ 10ರ ಬೆಳಿಗ್ಗೆ ಹೊಳೆಯಾಚೆ ತ್ಸೆಂಗ್ ಜಾಂಗ್ ಎಂಬಲ್ಲಿ ನಮ್ಮ ಐವತ್ತು ಚಿಲ್ಲರೆ ಜನರ ಮೇಲೆ ಚೀನೀಯರು ನೂರಾರು ಸಂಖ್ಯೆಯಲ್ಲಿ ಮುಗಿಬಿದ್ದರು. ಕೌಲ್ ಅಲ್ಲೇ ಇದ್ದರು, ಕಣ್ಣಾರೆ ನೋಡಿದರು, ದೆಹಲಿಗೆ ಹಾರಿದರು. 11ರ ರಾತ್ರಿ ಪ್ರಧಾನಿಯ ಮುಂದೆ ಸ್ಥಿತಿ ವಿವರಿಸಿದರು. ಮಾರನೇ ದಿನ ನೆಹರೂ ಸಿಲೋನಿಗೆ ಹೊರಟಿದ್ದರು. ಪಾಲಂ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರು ಸುತ್ತುವರಿದು ಕೇಳಿದರು, ಸೈನ್ಯಕ್ಕೆ ಏನು ಆಜ್ಞೆ ಇದೆ? ನಮ್ಮ ನೆಲವನ್ನು ಬಿಡಿಸಿಕೊಳ್ಳಿ ಎಂದಿದ್ದೇವೆ, ಯಾವಾಗ ಎಂಬುದು ಸೈನ್ಯಕ್ಕೆ ಬಿಟ್ಟದ್ದು, ಎಂದರು. ಚೀನೀಯರನ್ನು ಹೊರಗಟ್ಟುತ್ತೇವೆ ಎಂದು ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬಂತು. ಜನ ಹಿಗ್ಗಿದರು. ಅದನ್ನು ಚೀನೀಯರೂ ಓದಿದರು.

20ರ ಬೆಳಗಿನ ಜಾವ ಚೀನೀಯರು ಬಂದರು. ಒಂದು ಹಗಲಿನೊಳಗೆ ಆ ಬ್ರಿಗೇಡು ಚೆಲ್ಲಾಪಿಲ್ಲಿಯಾಯಿತು. ಎರಡು ದಿನಕ್ಕೆ ಅದರ ನಾಯಕ ಬ್ರಿಗೇಡಿಯರ್ ಜಾನ್ ದಳ್ವಿ ಸೆರೆಯಾದರು. ಒಂದೇ ತಿಂಗಳಲ್ಲಿ ಸೇಲಾ ಕಣಿವೆ ಹೋಯಿತು, ಬೊಮ್ಡಿಲಾ ಪಟ್ಟಣ ಹೋಯಿತು. ಸರ್ಕಾರವೇ ಆಮೇಲೆ ಕೊಟ್ಟ ಲೆಕ್ಕದಲ್ಲಿ 1,383 ಮಂದಿ ಸತ್ತರು, 1,696 ಮಂದಿ ಕಾಣೆಯಾದರು, 3,968 ಮಂದಿ ಸೆರೆಯಾದರು.

ಈಗ ಹೇಳಿ. ಆ ಹುಡುಗರ ಎದೆ ಕುಗ್ಗಿಸಿದ್ದು ಯಾರ ಪ್ರಶ್ನೆ? ಆ ಎರಡು ವಾರ ಯಾರಾದರೂ ಲೋಕಸಭೆಯಲ್ಲಿ ಎದ್ದು, ‘ಸ್ವಾಮಿ, ಅವರಿಗೆ ಕೋಟು ಹೋಗಿದೆಯಾ, ಗುಂಡು ಹೋಗಿದೆಯಾ’ ಎಂದು ಬಿಡದೆ ಕೇಳಿದ್ದರೆ ಅವರಿಗೆ ಕೇಡಾಗುತ್ತಿತ್ತಾ? ಆ ಪ್ರಶ್ನೆ ಸಮಯಕ್ಕೆ ಸರಿಯಾಗಿ ಬರಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಹಾಗಂತ ನಿಮ್ಮ ಪತ್ರವನ್ನು ತಳ್ಳಿಹಾಕಲು ನಾನು ಕೂತಿಲ್ಲ. ಅದರಲ್ಲಿ ಒಂದು ನಿಜವಿದೆ. ನೀವು ಅದನ್ನು ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು. 1959ರಿಂದ 62ರವರೆಗೆ ಸಂಸತ್ತಿನ ಗದ್ದಲ, ಪತ್ರಿಕೆಗಳ ಗದ್ದಲ ನೆಹರೂ ಅವರನ್ನು ಮೂಲೆಗೆ ಒತ್ತಿತು. ಒಂದು ಅಂಗುಲವೂ ಬಿಡಬೇಡಿ, ಇನ್ನೂ ಯಾಕೆ ಸುಮ್ನೆ ಇದ್ದೀರಿ, ಎಂದು ದಿನಾ ಚುಚ್ಚಿದರು. ಆ ಒತ್ತಡದಲ್ಲೇ 1961ರ ನವೆಂಬರಿನಲ್ಲಿ ಫಾರ್ವರ್ಡ್ ಪಾಲಿಸಿ ಎಂದು ಹೆಸರಾದ ನೀತಿ ಬಂತು. ಚೀನೀಯರ ಮಗ್ಗುಲಲ್ಲಿ, ಹಿಂದೆ, ಮುಂದೆ, ಚಿಕ್ಕ ಚಿಕ್ಕ ಠಾಣೆ ಹಾಕುತ್ತ ಹೋಗುವುದು. ಒಂದೊಂದು ಠಾಣೆಯಲ್ಲಿ ಹತ್ತೋ ಇಪ್ಪತ್ತೋ ಜನ. ಹಾಗಾಗಿ ಸಾರ್ವಜನಿಕ ಚರ್ಚೆ ಅಂದರೆ ಯಾವಾಗಲೂ ವಿವೇಕ ಅಂತ ನಾನು ಹೇಳಲಾರೆ. ಕೂಗಾಡಿದವರಿಗೂ ಆ ಸಾವುಗಳಲ್ಲಿ ಪಾಲಿದೆ. ಪತ್ರಿಕೆಯವನಾಗಿ ಇದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ.

ಆದರೆ ಆ ಕೂಗು ಹುಟ್ಟಿದ್ದು ಹೇಗೆ? ಲಡಾಖಿನ ಪೂರ್ವದ ಅಕ್ಸಾಯ್ ಚಿನ್‌ನಲ್ಲಿ ಚೀನಾ ಹಾಕಿದ ರಸ್ತೆ ಮುಗಿದದ್ದು 1957ರಲ್ಲಿ. ನಮ್ಮ ಸರ್ಕಾರ ಚೀನಾಕ್ಕೆ ಆಕ್ಷೇಪಣೆ ಪತ್ರ ಕೊಟ್ಟದ್ದು 1958ರ ಅಕ್ಟೋಬರಿನಲ್ಲಿ. ಲೋಕಸಭೆಗೆ ನೆಹರೂ ಅದನ್ನು ಹೇಳಿದ್ದು 1959ರ ಆಗಸ್ಟ್ ಕೊನೆಗೆ. ಅಷ್ಟು ದಿನ ಮುಚ್ಚಿಟ್ಟ ಮೇಲೆ ಜನ ರೇಗದೆ ಇರುತ್ತಾರಾ? ರೇಗಿದವರನ್ನು ಸಮಾಧಾನ ಮಾಡಲು ಮತ್ತೆ ಬಣ್ಣದ ಮಾತು. 1961ರ ನವೆಂಬರ್ ಕೊನೆಯಲ್ಲಿ ಅದೇ ಲೋಕಸಭೆಯಲ್ಲಿ, ಲಡಾಖಿನ ಸ್ಥಿತಿ ಸೈನ್ಯದ ದೃಷ್ಟಿಯಿಂದ ನಮ್ಮ ಕಡೆಗೆ ತಿರುಗುತ್ತಾ ಬಂದಿದೆ ಎಂದರು. ಸ್ಥಿತಿ ನಮ್ಮ ಕಡೆಗಿದೆ ಎಂದು ನಂಬಿದವನು ‘ಹಾಗಾದರೆ ಯಾಕೆ ಓಡಿಸಲ್ಲ’ ಎಂದೇ ಕೇಳುತ್ತಾನೆ. ಅದು ಸಹಜ. ‘ನಮ್ಮ ಹತ್ತಿರ ರಸ್ತೆ ಇಲ್ಲ, ಫಿರಂಗಿ ಇಲ್ಲ, ಇನ್ನೂ ನಾಲ್ಕೈದು ವರ್ಷ ಬೇಕು’ ಎಂದು ಬಿಚ್ಚಿ ಹೇಳಿದ್ದರೆ ಅದೇ ಜನ ಬೇರೆ ಪ್ರಶ್ನೆ ಕೇಳುತ್ತಿದ್ದರು. ನಮ್ಮ ಜನಕ್ಕೆ ಕಹಿ ಸುದ್ದಿ ತಡೆದುಕೊಳ್ಳುವ ತಾಕತ್ತು ಇಲ್ಲ ಅಂದುಕೊಂಡದ್ದೇ ತಪ್ಪು.

ಹೇಳಿದವರೊಬ್ಬರಿದ್ದರು. ನಮ್ಮ ಕೊಡಗಿನವರೇ. ಜನರಲ್ ತಿಮ್ಮಯ್ಯ. ಮಡಿಕೇರಿಯ ಸನ್ನಿ ಸೈಡ್ ಮನೆ ಈಗ ಅವರ ಹೆಸರಿನ ವಸ್ತುಸಂಗ್ರಹಾಲಯ. ನೀವು ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ. 1948ರಲ್ಲಿ ಜೋಜಿಲಾ ಕಣಿವೆಗೆ, ಹನ್ನೊಂದು ಸಾವಿರ ಅಡಿಗೂ ಮೇಲೆ, ಟ್ಯಾಂಕು ಹತ್ತಿಸಿದವರು ಅವರು. ಹೆದರುಪುಕ್ಕಲರ ಮಾತಲ್ಲ ಅವರದು. 1959ರ ಆಗಸ್ಟ್ 31ರಂದು, ಸೇನಾ ಮುಖ್ಯಸ್ಥರಾಗಿದ್ದಾಗ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಇನ್ನು ಆಗಲ್ಲ ಎಂದು ರಾಜೀನಾಮೆ ಬರೆದರು. ನೆಹರೂ ಸಮಾಧಾನ ಹೇಳಿ ವಾಪಸ್ ತೆಗೆಸಿದರು. ಸುದ್ದಿ ಹೊರಬಿದ್ದಾಗ ಲೋಕಸಭೆಯಲ್ಲಿ, ಅವರು ಕೊಟ್ಟ ಕಾರಣಗಳು ಅಂಥ ದೊಡ್ಡವೇನಲ್ಲ ಎಂಬಂತೆ ಮಾತಾಡಿದರು. ಸೈನ್ಯಕ್ಕಿಂತ ಚುನಾಯಿತ ಸರ್ಕಾರ ಮೇಲು ಎಂಬುದನ್ನು ನೆಹರೂ ಎತ್ತಿ ಹಿಡಿದದ್ದು ಸರಿಯೇ. ನೆರೆಯ ದೇಶಗಳನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಆದರೆ ಅಂದು ತಿಮ್ಮಯ್ಯನವರ ಮುಖ ಸಣ್ಣದಾದದ್ದನ್ನು ಕೆಳಗಿನ ಎಲ್ಲ ಅಧಿಕಾರಿಗಳೂ ನೋಡಿದರು. ಇನ್ನು ಮೇಲೆ ‘ಇಲ್ಲ’ ಎನ್ನುವವನಿಗೆ ಏನಾಗುತ್ತದೆ ಎಂದು ಅರ್ಥಮಾಡಿಕೊಂಡರು. ನಿವೃತ್ತರಾದ ಮೇಲೆ, 1962ರ ಜುಲೈನಲ್ಲಿ, ದೆಹಲಿಯ ಒಂದು ಇಂಗ್ಲಿಷ್ ಮಾಸಪತ್ರಿಕೆಗೆ ತಿಮ್ಮಯ್ಯ ಬರೆದರು. ಒಬ್ಬ ಸೈನಿಕನಾಗಿ ಹೇಳುತ್ತೇನೆ, ಭಾರತ ಒಂಟಿಯಾಗಿ ಚೀನಾದ ಜೊತೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ನಾನು ಊಹಿಸಲಾರೆ, ಅದನ್ನು ರಾಜಕಾರಣಿಗಳು, ರಾಯಭಾರಿಗಳು ಮಾತಿನಲ್ಲೇ ನೋಡಿಕೊಳ್ಳಬೇಕು, ಎಂಬ ಅರ್ಥದಲ್ಲಿ. ಜುಲೈ ಅಂದರೆ ಇನ್ನೂ ಮೂರು ತಿಂಗಳಿತ್ತು ಮೇಷ್ಟ್ರೇ. ನಿಮ್ಮ ಪತ್ರದ ನಿಯಮದ ಪ್ರಕಾರ ಅವರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ವಿಯೆಟ್ನಾಂ ವಿಷಯ ಬೇಗ ಮುಗಿಸುತ್ತೇನೆ. 1967ರ ನವೆಂಬರಿನಲ್ಲಿ ಅಲ್ಲಿನ ಅಮೆರಿಕನ್ ದಂಡನಾಯಕ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್ನಿಗೆ ಬಂದು, ಯುದ್ಧದ ಕೊನೆ ಕಾಣತೊಡಗಿದೆ ಎಂದರು. ಅದೇ ತಿಂಗಳ ಮೊದಲನೇ ತಾರೀಖು ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ, ಹೀಗೇ ಮುಂದುವರಿಯುವುದು ಅಪಾಯ ಎಂದು ಅಧ್ಯಕ್ಷ ಜಾನ್ಸನ್ ಅವರಿಗೆ ಗುಟ್ಟಾಗಿ ಬರೆದಿದ್ದರು. ಎರಡೇ ತಿಂಗಳಿಗೆ, 1968ರ ಜನವರಿ ಕೊನೆಯಲ್ಲಿ, ವಿಯೆಟ್ನಾಮಿನವರ ಹೊಸವರ್ಷ ತೆತ್ ಹಬ್ಬದಂದು ದಕ್ಷಿಣ ವಿಯೆಟ್ನಾಮಿನ ಉದ್ದಕ್ಕೂ ಕಮ್ಯುನಿಸ್ಟರ ದಾಳಿಯಾಯಿತು. ಸೈಗಾನಿನ ಅಮೆರಿಕನ್ ದೂತಾವಾಸದ ಅಂಗಳಕ್ಕೇ ಶತ್ರುಗಳು ನುಗ್ಗಿದರು. ಲೆಕ್ಕಕ್ಕೆ ತೆಗೆದುಕೊಂಡರೆ ಆ ದಾಳಿಯಲ್ಲಿ ಜಾಸ್ತಿ ಪೆಟ್ಟು ತಿಂದವರು ದಾಳಿ ಮಾಡಿದವರೇ. ಆದರೂ ಅಮೆರಿಕದ ಜನರ ನಂಬಿಕೆ ಮುರಿಯಿತು. ಯಾಕೆ? ‘ಇವರಿಗೆ ಇನ್ನು ಎದ್ದು ನಿಲ್ಲುವ ಶಕ್ತಿಯಿಲ್ಲ’ ಎಂದು ಹೇಳಿಸಿಕೊಂಡು ಬಂದಿದ್ದರಲ್ಲ, ಅದಕ್ಕೆ. ಟಿವಿಯವರು ಕಣ್ಣಿಗೆ ಬಿದ್ದದ್ದನ್ನು ತೋರಿಸಿದರು. ಹೇಳಿದ್ದಕ್ಕೂ ಕಂಡದ್ದಕ್ಕೂ ಅಷ್ಟು ದೂರ ಮಾಡಿಟ್ಟವರು ಸರ್ಕಾರದವರು.

ಯುದ್ಧದಲ್ಲಿ ಗುಟ್ಟು ಬೇಡ ಎಂದು ನಾನು ಹೇಳುತ್ತಿಲ್ಲ. ಯಾವ ತುಕಡಿ ಎಲ್ಲಿದೆ, ಯಾವ ದಾರಿಯಲ್ಲಿ ಹೋಗುತ್ತದೆ, ಯಾವ ರಾತ್ರಿ ಏನು ಮಾಡುತ್ತದೆ, ಇದನ್ನು ಅಚ್ಚು ಹಾಕುವವನು ದ್ರೋಹಿ. ನಮ್ಮ ಪತ್ರಿಕೆ ಎಂದೂ ಅದನ್ನು ಮಾಡದು. ಆದರೆ ಯುದ್ಧ ಯಾಕೆ, ಗುರಿ ಏನು, ಅದಕ್ಕೆ ತಕ್ಕ ಬಲ ಕೊಟ್ಟಿದ್ದೀರಾ, ಹೋದ ತಿಂಗಳು ಹೇಳಿದ್ದು ನಿಜವಾಯಿತಾ, ಇವು ಗುಟ್ಟಿನ ಬಾಬತ್ತಲ್ಲ. ಮಗನನ್ನು ಕಳಿಸಿದ ಮನೆಯವರು ಕೇಳಲೇಬೇಕಾದ ಪ್ರಶ್ನೆ.

ನೆಹರೂ ಬಗ್ಗೆ ಇಷ್ಟು ಬರೆದ ಮೇಲೆ ಇದನ್ನೂ ಬರೆಯದಿದ್ದರೆ ನಾನು ಅನ್ಯಾಯ ಮಾಡಿದ ಹಾಗಾಗುತ್ತದೆ. ಯುದ್ಧ ನಡೆಯುತ್ತಿರುವಾಗಲೇ ಸಂಸತ್ತು ಕರೆಯಿರಿ ಎಂದು ಜನಸಂಘದ ವಾಜಪೇಯಿ ಕೇಳಿದರು. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ನೆಹರೂ ಒಪ್ಪಿ, ಅಧಿವೇಶನವನ್ನು ಗೊತ್ತಾದ ದಿನಕ್ಕಿಂತ ಮೊದಲೇ, ನವೆಂಬರ್ 8ಕ್ಕೆ, ಕರೆದರು. ಬಾಗಿಲು ಹಾಕಿಕೊಂಡು ಗುಟ್ಟಾಗಿ ಚರ್ಚಿಸೋಣ ಎಂಬ ಸಲಹೆ ಬಂದಾಗ ಬೇಡ ಎಂದರು. ಸ್ವಂತ ಪಕ್ಷದವರೂ ಸೇರಿದಂತೆ ನೂರಕ್ಕೂ ಹೆಚ್ಚು ಸದಸ್ಯರು ಮಾತಾಡಿದರು. ನೆಹರೂ ಕೂತು ಕೇಳಿಸಿಕೊಂಡರು. ಅಷ್ಟರಲ್ಲಿ ಮೆನನ್ ಮಂತ್ರಿಗಿರಿ ಹೋಗಿತ್ತು. ನಾವು ನಾವೇ ಕಟ್ಟಿಕೊಂಡ ಕೃತಕ ವಾತಾವರಣದಲ್ಲಿ ಬದುಕುತ್ತಿದ್ದೆವು ಎಂದು ಅಕ್ಟೋಬರ್ 25ರಂದೇ ನೆಹರೂ ಬಾಯಿಬಿಟ್ಟು ಹೇಳಿದ್ದರು. ಅದನ್ನು ಹೇಳಲು ಎದೆ ಬೇಕು. 1999ರಲ್ಲಿ ಕಾರ್ಗಿಲ್ ಕಾಳಗದ ಹೊತ್ತಿಗೆ ಅದೇ ವಾಜಪೇಯಿ ಪ್ರಧಾನಿ. ರಾಜ್ಯಸಭೆ ಕರೆಯಿರಿ ಎಂದು ವಿರೋಧ ಪಕ್ಷದವರು ಕೇಳಿದರು, ಅವರು ಕರೆಯಲಿಲ್ಲ. ಆದರೆ ಕಾಳಗ ಮುಗಿದ ಕೂಡಲೇ ಎಲ್ಲಿ ತಪ್ಪಾಯಿತೆಂದು ನೋಡಲು ಸುಬ್ರಹ್ಮಣ್ಯಂ ಸಮಿತಿ ಕೂರಿಸಿ, ಅದರ ವರದಿಯನ್ನು ಮುಂದಿನ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟರು. ಕೆಲವು ಭಾಗ ತೆಗೆದಿದ್ದರು, ಆದರೂ ಇಟ್ಟರು.

1962ರದ್ದು ಹಾಗಾಗಲಿಲ್ಲ. ಲೆಫ್ಟಿನೆಂಟ್ ಜನರಲ್ ಹೆಂಡರ್‌ಸನ್ ಬ್ರೂಕ್ಸ್, ಬ್ರಿಗೇಡಿಯರ್ ಭಗತ್ ಇಬ್ಬರೂ ಕೂತು ತನಿಖೆ ಮಾಡಿ 1963ರಲ್ಲಿ ವರದಿ ಕೊಟ್ಟರು. ಹೊಸ ರಕ್ಷಣಾ ಮಂತ್ರಿ ಚವಾಣ್ ಆ ಸೆಪ್ಟೆಂಬರಿನಲ್ಲಿ ಸಾರಾಂಶ ಎಂದು ಒಂದಿಷ್ಟು ಓದಿದರು. ವರದಿ ಬೀರು ಸೇರಿತು. ಒಂದು ಭಾಗ 2014ರಲ್ಲಿ ಹೊರಬಂದದ್ದು ಒಬ್ಬ ವಿದೇಶಿ ಪತ್ರಕರ್ತನ ಕೈಯಿಂದ, ನಮ್ಮ ಸರ್ಕಾರದಿಂದಲ್ಲ. ಎಷ್ಟು ಪಕ್ಷಗಳು ಬಂದು ಹೋದವು, ಯಾರೂ ಬೀಗ ತೆಗೆಯಲಿಲ್ಲ. ಯುದ್ಧದ ನಡುವೆ ಕೇಳಬೇಡಿ ಎಂದರೆ ಅರ್ಧ ಒಪ್ಪಬಹುದು. ಅರವತ್ತು ವರ್ಷ ಆದಮೇಲೂ ಕೇಳಬೇಡಿ ಎಂದರೆ? ನಾಮ್ಕಾ ಚು ದಂಡೆಯಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಕಾರಣ ತಿಳಿಯದೆಯೇ ತೀರಿಹೋದರು.

ಹೋದ ತಿಂಗಳ ಲೇಖನದಲ್ಲಿ ಒಂದು ಕಡೆ ಮಾತು ಒರಟಾಗಿತ್ತು, ಅದನ್ನು ಒಪ್ಪುತ್ತೇನೆ. ನಮ್ಮವರು ಓಡಿದರು ಎಂದು ಸಾರಾಸಗಟಾಗಿ ಬರೆದದ್ದು ತಪ್ಪು. ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಜೊತೆಗಿದ್ದ ಕುಮಾವ್ ರೆಜಿಮೆಂಟಿನವರು ಓಡಲಿಲ್ಲ. ಅವರಲ್ಲಿ ಬಹುತೇಕ ಎಲ್ಲರೂ ನಿಂತ ಜಾಗದಲ್ಲೇ ಸತ್ತರು. ಆ ವಾಕ್ಯ ಹಾಕಿದ್ದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ.

ಅಳಿಯಂದಿರು ರಜೆಗೆ ಬಂದಾಗ ಈ ಸಂಚಿಕೆ ಅವರ ಕೈಗೆ ಕೊಡಿ. ನೀವು ಹೇಳಿದ್ದು ಸರಿಯೋ, ನಾನು ಹೇಳಿದ್ದು ಸರಿಯೋ, ಅವರನ್ನೇ ಕೇಳಿ ಬರೆಯಿರಿ, ಅಚ್ಚು ಹಾಕುತ್ತೇವೆ. ಅವರ ಹೆಸರು, ಠಾಣೆಯ ಹೆಸರು ಬೇಡ. ಮಗಳಿಗೆ ನಮ್ಮೆಲ್ಲರ ನೆನಪು ತಿಳಿಸಿ.

ನಿಮ್ಮ
ಸಂಪಾದಕ