‘ದುಡ್ಡಿಲ್ಲ’ ಅಂದರೆ ‘ಸ್ಕ್ಯಾನ್ ಮಾಡಮ್ಮ’ ಅಂತಾನೆ

ಪ್ರಶ್ನೆ: ಮಗನಿಗೆ 7 ವರ್ಷ. ಅಂಗಡಿ ಕಂಡರೆ ಸಾಕು, ಏನಾದರೂ ಕೊಡಿಸಲೇಬೇಕು. ‘ದುಡ್ಡಿಲ್ಲ ಕಂದ’ ಅಂದರೆ ‘ಫೋನಲ್ಲಿ ಸ್ಕ್ಯಾನ್ ಮಾಡಮ್ಮ’ ಅಂತಾನೆ. ದುಡ್ಡಿನ ಬೆಲೆ ಇವನಿಗೆ ತಿಳಿಸುವುದು ಹೇಗೆ? ಪಾಕೆಟ್ ಮನಿ ಕೊಡಬಹುದಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅವನ ಲೆಕ್ಕದಲ್ಲಿ ಅವನು ಹೇಳುತ್ತಿರುವುದು ಸರಿಯಾಗೇ ಇದೆ. ಯುಪಿಐ ಬಂದಿದ್ದು 2016ರಲ್ಲಿ. ಅವನಿಗೆ ಬುದ್ಧಿ ಬರುವ ಹೊತ್ತಿಗೆ ಸೊಪ್ಪಿನ ಗಾಡಿಯಲ್ಲೂ ಕ್ಯೂಆರ್ ಕೋಡ್ ನೇತಾಡುತ್ತಿತ್ತು. ನಾವು ಚಿಕ್ಕವರಿದ್ದಾಗ ಅಪ್ಪ ಜೇಬಿನಿಂದ ನೋಟು ತೆಗೆದು ಎಣಿಸಿ ಕೊಡುತ್ತಿದ್ದರು, ತಿಂಗಳ ಕೊನೆಗೆ ಆ ಜೇಬು ತೆಳ್ಳಗಾಗುವುದು ಕಣ್ಣಿಗೇ ಕಾಣುತ್ತಿತ್ತು. ಫೋನು ಸಂಬಳದ ದಿನವೂ ಅಷ್ಟೇ ದಪ್ಪ, ತಿಂಗಳ ಕೊನೆಗೂ ಅಷ್ಟೇ ದಪ್ಪ.

ಅದಕ್ಕೇ ಅವನ ಜೊತೆ ಹೋಗುವಾಗ ಸ್ವಲ್ಪ ದಿನ ಫೋನು ಬ್ಯಾಗಿನಲ್ಲೇ ಇರಲಿ. 50 ರೂಪಾಯಿ ನೋಟು ಅವನ ಕೈಗೆ ಕೊಡಿ. ಕೊತ್ತಂಬರಿ, ಟೊಮೆಟೊ ಅವನೇ ಕೇಳಿ ತಗೊಳ್ಳಲಿ, ಚಿಲ್ಲರೆ ಎಣಿಸಲಿ. (10 ರೂಪಾಯಿ ನಾಣ್ಯ ಬೇಡ ಅನ್ನುವ ಅಂಗಡಿಯವರು ಇನ್ನೂ ಇದ್ದಾರೆ, ಅದು ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕೇ ಹೇಳಿದರೂ ಕೇಳುವುದಿಲ್ಲ. ಆ ಜಗಳ ನೀವೇ ಆಡಿ, ಮಗುವಿನ ಮೇಲೆ ಹಾಕಬೇಡಿ.)

‘ದುಡ್ಡಿಲ್ಲ’ ಅಂತ ಸುಮ್ನೆ ಹೇಳಬೇಡಿ. ಐದೇ ನಿಮಿಷಕ್ಕೆ ನೀವು ಬೇರೇನೋ ತಗೊಂಡರೆ ಸುಳ್ಳು ಸಿಕ್ಕಿಬೀಳುತ್ತದೆ. ‘ದುಡ್ಡಿದೆ, ಅದು ಗ್ಯಾಸಿಗೆ ಇಟ್ಟಿದ್ದು’ ಅನ್ನಿ.

ಪಾಕೆಟ್ ಮನಿ ಧಾರಾಳವಾಗಿ ಕೊಡಿ, ಆದರೆ ವಾರಕ್ಕೆ 20 ರೂಪಾಯಿ ಸಾಕು. ಸೋಮವಾರವೇ ಮುಗಿಸಿ ಬುಧವಾರ ಅತ್ತರೂ ಮತ್ತೆ ಕೊಡಬೇಡಿ. ಅಜ್ಜಿಗೂ ಹೇಳಿಡಿ, ಕಷ್ಟ ಇರುವುದೇ ಅಲ್ಲಿ! ತಟ್ಟೆ ಎತ್ತಿಟ್ಟಿದ್ದಕ್ಕೆ, ಹೋಮ್‌ವರ್ಕ್ ಮಾಡಿದ್ದಕ್ಕೆ ಮಾತ್ರ ದುಡ್ಡು ಬೇಡ. ನಾಳೆ ಒಂದು ಲೋಟ ನೀರು ಕೇಳಿದರೂ ರೇಟು ಹೇಳುತ್ತಾನೆ.

ಇನ್ನು ಹಬ್ಬಕ್ಕೆ ಬಂದ ಮಾವನೋ ಚಿಕ್ಕಪ್ಪನೋ ಮಗುವಿನ ಕೈಗಿಟ್ಟ ನೂರು ರೂಪಾಯಿ. ‘ಕೊಡು, ಎತ್ತಿಡ್ತೀನಿ’ ಅಂತ ಇಸ್ಕೊಂಡು ಹಾಲಿನವನಿಗೆ ಕೊಟ್ಟುಬಿಡುತ್ತೇವೆ, ಅಲ್ವಾ? ನಾನೂ ಮಾಡಿದ್ದೇನೆ. ಮೂರು ವರ್ಷ ಆದಮೇಲೆ ಮಗಳು ಲೆಕ್ಕ ಕೇಳಿದಳು, ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಮಣ್ಣಿನ ಹುಂಡಿ ತನ್ನಿ, ಒಡೆದ ದಿನ ಅವನೇ ಎಣಿಸಲಿ. ಅದರಲ್ಲಿ 500 ರೂಪಾಯಿ ಆದರೆ ಪೋಸ್ಟ್ ಆಫೀಸಿನಲ್ಲಿ ಅವನ ಹೆಸರಿಗೆ ಉಳಿತಾಯ ಖಾತೆ ತೆರೆಯಬಹುದು. ಈಗ ನೀವು ನೋಡಿಕೊಳ್ಳಬೇಕು, 10 ವರ್ಷ ತುಂಬಿದ ಮೇಲೆ ಅವನೇ ನಡೆಸಬಹುದು. ಪಾಸ್‌ಬುಕ್ ಅವನೇ ಕೌಂಟರಿಗೆ ಕೊಡಲಿ. ಮಾರ್ಚ್ ಕಳೆದ ಮೇಲೆ ಒಂದು ಸಲ ಎಂಟ್ರಿ ಹಾಕಿಸಿ. ಬಡ್ಡಿ ಅಂತ ಬಂದಿರುವ ಸಾಲು ನೋಡಿ ‘ಇದು ಯಾರು ಹಾಕಿದ್ದು?’ ಅಂತ ಕೇಳೇ ಕೇಳುತ್ತಾನೆ.